ಕೆಂಪು ಬೆಳಕಿಗೆ ಕಣ್ಣೊಡ್ಡಿದ ನಾಗತ್ತಿ

ಹೋದ ವರ್ಷದ ಶ್ರಾವಣ ಮಾಸ, ಸೋಮವಾರದ ಬೆಳಗು. ಗದುಗಿನ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ನನ್ನ ಸೋದರತ್ತೆಯ ಎದುರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದೆ. ಪತ್ರಿಕೆಯ ವರದಿಗಾರನಾಗಿ ಬಸ್ ಅಪಘಾತ ನೋಡಿದ್ದೇನೆ, ಬೆಂಕಿ ಹತ್ತಿದ ಅಂಗಡಿ ನೋಡಿದ್ದೇನೆ, ಮಳೆಗೆ ಕುಸಿದ ಗೋಡೆಯ ಕೆಳಗಿಂದ ಜನರನ್ನು ಎಳೆಯುವುದನ್ನು ನೋಡಿದ್ದೇನೆ. ನೋಡಿ, ಬರೆದು ಕಳಿಸಿ, ಮನೆಗೆ ಬಂದು ಊಟ ಮಾಡಿದ್ದೇನೆ. ಆ ಸೋಮವಾರ ಕಂಡದ್ದನ್ನು ಮಾತ್ರ ಹಾಗೆ ಪಕ್ಕಕ್ಕೆ ಇಡಲು ಇವತ್ತಿಗೂ ಆಗಿಲ್ಲ.

ಅತ್ತೆಯ ಹೆಸರು ನಾಗವ್ವ. ನಮಗೆಲ್ಲ ನಾಗತ್ತಿ. ಬೆಟಗೇರಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಇರುತ್ತಾಳೆ. ಮೊದಲು ಸೀರೆ ನೇಯುತ್ತಿದ್ದಳು. ಮೊಳಕಾಲು ಸೋತ ಮೇಲೆ ಮಗ್ಗ ಬಿಟ್ಟು ಎಳೆ ಕೂಡಿಸುವ ಕೆಲಸ ಹಿಡಿದಳು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿದು ಹೊಸದನ್ನು ಏರಿಸುವಾಗ, ಹಳೆಯ ಒಂದೊಂದು ಎಳೆಗೂ ಹೊಸ ಎಳೆಯೊಂದನ್ನು ಬೆರಳಲ್ಲಿ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ, ಕೂದಲಿನಷ್ಟು ಸಣ್ಣವು. ಒಂದು ತಪ್ಪಿದರೂ ಸೀರೆಯ ತುಂಬ ಗೆರೆ ಬೀಳುತ್ತದೆ. ಬೂದಿ ಹಚ್ಚಿಕೊಂಡ ಹೆಬ್ಬೆರಳಿನಿಂದ ನಾಗತ್ತಿ ಆ ಕೆಲಸ ಮಾಡುತ್ತಿದ್ದರೆ ಪಕ್ಕದಲ್ಲಿ ಕುಳಿತವರಿಗೆ ಎಳೆ ಕಾಣುತ್ತಿರಲಿಲ್ಲ, ಬೆರಳು ಆಡುವುದಷ್ಟೇ ಕಾಣುತ್ತಿತ್ತು. ಅದನ್ನೂ ಅವಳು ಒಂದೇ ಕಣ್ಣಿನಲ್ಲಿ ಮಾಡುತ್ತಿದ್ದಳು. ಸಣ್ಣವಳಿದ್ದಾಗ ಸಿಡುಬು ಬಂದು ಬಲಗಣ್ಣು ಹೋಗಿತ್ತು. ಉಳಿದದ್ದು ಎಡಗಣ್ಣೊಂದೇ.

ಹೋದ ಬೇಸಿಗೆಯಲ್ಲಿ ಅವಳ ಬಲಗೈ ಹೆಬ್ಬೆರಳಿನ ಬುಡ ನೋಯಲು ಸುರುವಾಯಿತು. ಎಣ್ಣೆ ತಿಕ್ಕಿದಳು, ಅರಿಶಿನ ಕಟ್ಟಿದಳು. ನೋವು ಮುಂಗೈಗೆ ಏರಿತು. ಚಹಾದ ಕಪ್ಪು ಹಿಡಿದರೂ ಕೈ ನಡುಗತೊಡಗಿದಾಗ ಎಲುಬಿನ ವೈದ್ಯರ ಬಳಿ ಕರೆದೊಯ್ದೆ. ಹೊಸೆದು ಹೊಸೆದು ಹೆಬ್ಬೆರಳಿನ ಸ್ನಾಯುರಜ್ಜುವಿನ ಹೊದಿಕೆ ಬಾತಿದೆ, ಗುಳಿಗೆಯ ಜೊತೆ ಫಿಸಿಯೋಥೆರಪಿಯೂ ಬೇಕು ಎಂದರು. ಹಾಗೆ ನಾವು ಫಿಸಿಯೋಥೆರಪಿಸ್ಟ್ ರುಕ್ಸಾನಾ ಕೆಲಸ ಮಾಡುವ ಕ್ಲಿನಿಕ್ಕಿಗೆ ಹೋದದ್ದು.

ರುಕ್ಸಾನಾ ಲಕ್ಷ್ಮೇಶ್ವರದವರು. ದಿನವೂ ಬಸ್ಸಿಗೆ ಬಂದು ಹೋಗುತ್ತಾರೆ. ಇನ್ನೂ ಮೂವತ್ತು ದಾಟಿರಲಿಕ್ಕಿಲ್ಲ. ಮೊದಲ ದಿನವೇ ಅವರು ಯಂತ್ರ ತೋರಿಸಿ ಹೇಳಿದರು: "ಅಜ್ಜೀ, ಇದು ಲೇಸರ್ ಅಂತ. ಕೊಯ್ಯೂ ಲೇಸರ್ ಅಲ್ಲ, ಅಂಜಬ್ಯಾಡ್ರಿ. ಕೆಂಪು ಬೆಳಕು ಅಷ್ಟ. ಚರ್ಮದ ಒಳಗ ಇಳಿದು ಬಾವು ಕಡಿಮಿ ಮಾಡತೈತಿ, ನೋವು ಇಳಸತೈತಿ. ಎಲ್ಲಾರಿಗೂ ಒಂದೇ ನಮೂನಿ ಗುಣ ಬರೂದಿಲ್ಲ. ನಾ ಹೇಳಿದ ವ್ಯಾಯಾಮಾನೂ ಮಾಡಬೇಕು, ಕೈಗೆ ವಿಶ್ರಾಂತಿನೂ ಕೊಡಬೇಕು."

"ಸುಡತೈತೇನಬೇ?" ಎಂದಳು ನಾಗತ್ತಿ.

"ಬೆಚ್ಚಗೂ ಅನಸೂದಿಲ್ಲರಿ. ಆದ್ರ ಒಂದ ಮಾತು. ಈ ಕನ್ನಡಕ ತೆಗೀಬಾರದು. ಬೆಳಕನ್ನ ಕಣ್ಣಿಟ್ಟು ನೋಡಬಾರದು."

ಹಸಿರು ಗಾಜಿನ ದಪ್ಪ ಕನ್ನಡಕ ಅದು. ರೋಗಿಗೊಂದು, ಅವರಿಗೊಂದು, ಪಕ್ಕ ಕುಳಿತವರಿಗೊಂದು. ಅದನ್ನು ಹಾಕಿಕೊಂಡರೆ ಕೆಂಪು ಬೆಳಕು ಕಾಣುವುದೇ ಇಲ್ಲ. ಆ ಬಣ್ಣವನ್ನು ತಡೆಯಲೆಂದೇ ಮಾಡಿದ ಗಾಜು. ನಾಗತ್ತಿ ಹಾಕಿಕೊಂಡು ನನ್ನ ಕಡೆ ತಿರುಗಿ, "ಬಸೂ, ನಾ ಮೋಟಾರ್ ಸೈಕಲ್ ಹೊಡಿಯಾವ್ರಂಗ ಕಾಣ್ತೀನೇನೋ?" ಎಂದಳು. ರುಕ್ಸಾನಾ ನಕ್ಕು, ಪೆನ್ನಿನ ಹಾಗಿದ್ದ ಉಪಕರಣವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಅವಳ ಹೆಬ್ಬೆರಳಿನ ಬುಡಕ್ಕೆ ಹಿಡಿಸಿದರು. ಕೆಲವೇ ನಿಮಿಷ. ಪಿಪ್ ಎಂದು ಯಂತ್ರ ಕೂಗಿ ನಿಂತಿತು.

ಆಗ ನಾಗತ್ತಿ ಒಂದು ಕೆಲಸ ಮಾಡಿದಳು. ಕನ್ನಡಕ ತೆಗೆದಿಟ್ಟು, ಯಂತ್ರವನ್ನು ಎರಡೂ ಕೈಯಿಂದ ಮುಟ್ಟಿ, ಬಗ್ಗಿ ಹಣೆ ತಾಗಿಸಿ, ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ನೇಕಾರರ ಮನೆಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಮಗ್ಗಕ್ಕೆ ಕೂಡುವಾಗ, ಏಳುವಾಗ ಹಣೆ ತಾಗಿಸುತ್ತಾರೆ. ಕೆಲಸ ಮಾಡಿಕೊಡುವ ಸಾಮಾನಿಗೆ ಕಾಲು ತಾಗಿದರೂ ಕೈ ಮುಗಿಯುತ್ತಾರೆ. ರುಕ್ಸಾನಾ ಮೊದಲ ದಿನ ಗಲಿಬಿಲಿಗೊಂಡರು. ಆಮೇಲೆ ಅವರಿಗೂ ರೂಢಿಯಾಯಿತು. "ಅಜ್ಜಿ ಪೂಜಿ ಆತು, ಮುಂದಿನವ್ರು ಬರ್ರಿ" ಎಂದು ಕರೆಯುತ್ತಿದ್ದರು.

ದಿನ ಬಿಟ್ಟು ದಿನ ಹೋಗುತ್ತಿದ್ದೆವು. ಬೆಂಚಿನ ಮೇಲೆ ನಮಗೆ ಶಿಗ್ಲಿಯ ಮೌಲಾಸಾಬ್ ಎಂಬ ಹಿರಿಯರು ಜೊತೆಯಾದರು. ಗಾದಿ ಹೊಲಿಯುವ ಕೆಲಸ. ಸೊಂಟದ ನೋವು. ಸೊಂಟ ಎಷ್ಟು ನೋಯುತ್ತಿದ್ದರೂ ಬಾಯಿ ಸುಮ್ಮನಿರುತ್ತಿರಲಿಲ್ಲ. "ನೋಡ್ರಿ ಅಕ್ಕಾರ, ನಮ್ಮ ಮನಿಯಾಕಿ ಕಣ್ಣು ಕೆಂಪು ಮಾಡಿದ್ಲಂದ್ರ ನನಗ ನೋವು ಸುರು ಆಗತೈತಿ. ಇಲ್ಲೆ ಕೆಂಪು ಬಿತ್ತಂದ್ರ ನೋವು ಹೋಗತೈತಿ. ಖುದಾನ ಆಟ!" ಎನ್ನುತ್ತಿದ್ದರು. ಕಾಲಿನ ಮಾಯದ ಗಾಯಕ್ಕೂ ಈ ಬೆಳಕು ಹಿಡಿಯುತ್ತಾರಂತೆ ಎಂದು ಒಂದು ದಿನ ಅವರೇ ಹೇಳಿದರು.

"ಹಂಗಾರ ಎಲ್ಲಾದಕ್ಕೂ ನಡೀತೈತೇನು ಇದು?" ನಾಗತ್ತಿ ಕೇಳಿದಳು.

"ಎಲ್ಲಾದಕ್ಕೂ ನಡೀತೈತ್ರಿ ಅಕ್ಕಾರ. ನಮ್ಮ ಮನಿಯಾಕಿ ಬಾಯಿಗೆ ಒಂದ ನಡಿಯೂದಿಲ್ಲ."

ಬೆಂಚಿನ ಮೇಲಿದ್ದವರೆಲ್ಲ ನಕ್ಕೆವು. ನಾಗತ್ತಿ ನಕ್ಕಿದ್ದಳೋ ಇಲ್ಲವೋ, ನನಗೆ ನೆನಪಿಲ್ಲ.

ನೋವು ಇಳಿಯುತ್ತಿತ್ತು. ಬೆಳಕಿನಿಂದಲೋ, ವ್ಯಾಯಾಮದಿಂದಲೋ, ಕೆಲಸ ನಿಲ್ಲಿಸಿದ್ದರಿಂದಲೋ ನಾನು ಹೇಳಲಾರೆ. ಬಹುಶಃ ಮೂರೂ ಸೇರಿ. ಅವಳ ಮಟ್ಟಿಗೆ ಅದು ಬೆಳಕಿನದೇ ಕೆಲಸ. ಮುಷ್ಟಿ ಮಡಚಿ ಬಿಚ್ಚಿ ಓಣಿಯವರಿಗೆಲ್ಲ ತೋರಿಸುತ್ತಿದ್ದಳು.

ಆ ಸೋಮವಾರ ಅವಳು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಉಪವಾಸದಲ್ಲೇ ಬಂದಿದ್ದಳು. ಮೌಲಾಸಾಬರು ಪರದೆಯ ಆಚೆಗಿನ ಮಂಚದ ಮೇಲೆ ಮಲಗಿದ್ದರು. ರುಕ್ಸಾನಾ ನಾಗತ್ತಿಯ ಕೈಯನ್ನು ಮೇಜಿನ ಮೇಲಿಟ್ಟು, ಸ್ಟ್ಯಾಂಡ್ ಸರಿ ಮಾಡಿ, ಮೂವರೂ ಕನ್ನಡಕ ಹಾಕಿಕೊಂಡದ್ದನ್ನು ನೋಡಿ ಗುಂಡಿ ಒತ್ತಿದರು. ಅಷ್ಟರಲ್ಲಿ ಪರದೆಯ ಆಚೆ ದೊಡ್ಡ ಕೂಗು. "ಯಾ ಅಲ್ಲಾ! ನಡಾ ಹಿಡೀತ್ರೆಪಾ, ಬಿದ್ನಿ, ಬಿದ್ನಿ!" ಮೌಲಾಸಾಬರು ತಾವಾಗಿಯೇ ಇಳಿಯಲು ಹೋಗಿ ಮಂಚದ ಅಂಚಿನಲ್ಲಿ ಸಿಕ್ಕಿಕೊಂಡಿದ್ದರು. ರುಕ್ಸಾನಾ ಅತ್ತ ಓಡಿದರು. ಯಾರೇ ಆದರೂ ಓಡುತ್ತಿದ್ದರು.

ನಾನು ಪರದೆಯ ಕಡೆ ನೋಡಿ ಮತ್ತೆ ಈ ಕಡೆ ತಿರುಗಿದಾಗ ನಾಗತ್ತಿ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಯಂತ್ರಕ್ಕೆ ಬಗ್ಗಿದ್ದಳು. ನನ್ನ ಹಸಿರು ಗಾಜಿನೊಳಗೆ ಬೆಳಕು ಕಾಣುತ್ತಿರಲಿಲ್ಲ. ಮುಗಿಯಿತು, ದಿನದಂತೆ ಕೈ ಮುಗಿಯುತ್ತಿದ್ದಾಳೆ ಎಂದುಕೊಂಡೆ. ನಾನೂ ಕನ್ನಡಕ ತೆಗೆದೆ.

ಅವಳ ಮುಖ ಕೆಂಪಾಗಿ ಉರಿಯುತ್ತಿತ್ತು.

ಯಂತ್ರ ನಿಂತಿರಲಿಲ್ಲ. ಸ್ಟ್ಯಾಂಡಿನ ಕತ್ತನ್ನು ಅವಳೇ ಎಡಗೈಯಿಂದ ಮೇಲಕ್ಕೆ ತಿರುಗಿಸಿಕೊಂಡಿದ್ದಳು. ಬೆಳಕು ನೇರವಾಗಿ ಎಡಗಣ್ಣಿನ ಒಳಗೆ ಬೀಳುತ್ತಿತ್ತು. ರೆಪ್ಪೆ ಮುಚ್ಚದಂತೆ ಬಲಗೈ ಬೆರಳಿನಿಂದ ಎಳೆದು ಹಿಡಿದಿದ್ದಳು. ನೀರು ಕೆನ್ನೆಗೆ ಇಳಿಯುತ್ತಿತ್ತು. ತುಟಿ ಅಲುಗುತ್ತಿತ್ತು. ಏನೋ ಅಂದುಕೊಳ್ಳುತ್ತಿದ್ದಳು.

ಎದ್ದು ಅವಳ ಕಣ್ಣಿಗೂ ಯಂತ್ರಕ್ಕೂ ನಡುವೆ ಕೈ ತೂರಿಸಿದೆ. ನನ್ನ ಅಂಗೈ ಮೇಲೆ ಕೆಂಪು ಬೊಟ್ಟು ಬಿತ್ತು. ನಿಜವಾಗಿಯೂ ಅದು ಬಿಸಿ ಇರಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಆಮೇಲೆ ಕೂಗಿದೆ. ರುಕ್ಸಾನಾ ಬಂದು ಸ್ವಿಚ್ ಆರಿಸಿದರು.

"ಅಜ್ಜೀ, ಏನ ಮಾಡಿದ್ರಿ? ಎಷ್ಟೊತ್ತು ನೋಡಿದ್ರಿ?"

"ಯಾಕ ಚೀರ್ತೀರಿ?" ಎಂದಳು ನಾಗತ್ತಿ. ದನಿ ಶಾಂತವಾಗಿತ್ತು. "ನಮಸ್ಕಾರ ಮಾಡಿದ್ನಿ. ದೀಪ ನೋಡದನ ಕೈ ಮುಗೀತಾರೇನು?" ಕಣ್ಣು ಒರೆಸಿಕೊಂಡು ನನ್ನತ್ತ ನೋಡಿದಳು. ಸ್ವಲ್ಪ ಬಲಕ್ಕೆ, ಸ್ವಲ್ಪ ಎಡಕ್ಕೆ ತಲೆ ಆಡಿಸಿದಳು. "ಬಸೂ, ನಿನ್ನ ಮಾರಿ ಎಲ್ಲಿ ಹೋತು? ಕಿವಿ ಕಾಣಾಕತ್ತಾವು, ಅಂಗಿ ಕಾಣಾಕತ್ತೈತಿ. ನಡುವ ಬರೇ ಕರ್ರಗ ಐತಿ."

ಆ ಮಾತು ಕೇಳಿ ರುಕ್ಸಾನಾ ಗೋಡೆ ಹಿಡಿದುಕೊಂಡರು. ಮೌಲಾಸಾಬರು ಸೊಂಟ ಹಿಡಿದುಕೊಂಡು ಪರದೆಯ ಬಳಿ ನಿಂತಿದ್ದರು.

ಕಣ್ಣಿನ ಆಸ್ಪತ್ರೆ ದೂರವಿರಲಿಲ್ಲ. ಉಳಿದ ರೋಗಿಗಳನ್ನು ಮನೆಗೆ ಕಳಿಸಿ ರುಕ್ಸಾನಾ ನಮ್ಮ ಜೊತೆಗೇ ಆಟೋ ಹತ್ತಿದರು. ದಾರಿಯಲ್ಲಿ ನಾಗತ್ತಿ ಸೀರೆಯ ಸೆರಗಿನಿಂದ ಒಂದು ಎಳೆ ಕಿತ್ತು, ಎರಡು ಬೆರಳ ನಡುವೆ ಹಿಡಿದು ಕಣ್ಣ ಮುಂದೆ ತಂದಳು. ದೂರ ಹಿಡಿದಳು, ಹತ್ತಿರ ತಂದಳು. ಮತ್ತೆ ದೂರ ಹಿಡಿದಳು. "ಶಾಂತಾಗ ಫೋನ್ ಮಾಡಬ್ಯಾಡ" ಎಂದಳು. ಶಾಂತಾ ಅವಳ ಮಗಳು, ಮುಂಡರಗಿಗೆ ಕೊಟ್ಟಿದೆ. "ಆಕಿಗೆ ಗೊತ್ತಾತಂದ್ರ ಇವತ್ತ ಬಂದು ಕರಕೊಂಡ ಹೊಕ್ಕಾಳ. ಅಲ್ಲೆ ಕುಂತು ನಾ ಏನ ಮಾಡ್ಲಿ?"

ಕಣ್ಣಿನ ವೈದ್ಯರು ನಡುವಯಸ್ಸಿನವರು, ಕಡಿಮೆ ಮಾತಿನವರು. ಔಷಧದ ಹನಿ ಹಾಕಿ ಕಣ್ಣು ಮುಚ್ಚಿಸಿ ಕೂರಿಸಿದರು. ಆಮೇಲೆ ಒಳಗೆ ಕರೆದು ಬಹಳ ಹೊತ್ತು ನೋಡಿದರು. ಫೋಟೋ ತೆಗೆದರು, ಮತ್ತೆ ನೋಡಿದರು. ಅವಳಿಗೆ ಅದೊಂದೇ ಕಣ್ಣು ಎಂದು ನಾನು ಮೊದಲೇ ಹೇಳಿದ್ದೆ.

"ಅಮ್ಮಾ, ಈ ಕಣ್ಣು ಎಷ್ಟು ದಿನದಿಂದ ಮಬ್ಬಾಗಿದೆ?" ಎಂದು ಅವರು ಕೇಳಿದರು.

"ಇವತ್ತ ಮುಂಜಾನಿ..." ಎಂದು ನಾನು ಬಾಯಿ ಹಾಕಿದೆ.

"ನಿಮಗಲ್ಲ, ಅವರಿಗೆ ಕೇಳಿದ್ದು. ಇಲ್ಲಿ ದಪ್ಪ ಪೊರೆ ಬೆಳೆದಿದೆ. ಇದು ಇವತ್ತಿನದಲ್ಲ."

ನಾಗತ್ತಿ ಸೆರಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಹೇಳಿದಳು. ಎರಡು ವರ್ಷದಿಂದ ಎಳೆ ಸರಿಯಾಗಿ ಕಾಣುತ್ತಿರಲಿಲ್ಲವಂತೆ. ಬೆರಳಿನ ಮೇಲೆಯೇ ಕೂಡಿಸುತ್ತಿದ್ದಳಂತೆ. ಕಾಣದ್ದಕ್ಕೆ ಇನ್ನಷ್ಟು ಬಿಗಿಯಾಗಿ ಹೊಸೆದು ಹೊಸೆದು ಹೆಬ್ಬೆರಳು ಹಾಗಾಯಿತಂತೆ. ಇತ್ತೀಚೆಗೆ ಒಬ್ಬ ಮಗ್ಗದ ಮಾಲೀಕರು, "ನಾಗವ್ವಾ, ನೀ ಇನ್ನ ಆರಾಮ ಕುಂಡ್ರು" ಎಂದು ನಯವಾಗಿಯೇ ಹೇಳಿ ಬೇರೆಯವರನ್ನು ಕರೆದಿದ್ದರಂತೆ.

"ಹಾಗಾದರೆ ಯಾಕೆ ತೋರಿಸಲಿಲ್ಲ?" ವೈದ್ಯರು ಕೇಳಿದರು.

"ತೋರಿಸಿದ್ರ ನೀವು ಕೊಯ್ತೀನಿ ಅಂತಿದ್ರಿ. ಎಲ್ಲಾರಿಗೂ ಎರಡ ಕಣ್ಣ, ಸಾಹೇಬ್ರ. ಒಂದ ಕೊಯ್ದದ್ದು ಕೆಟ್ರ ಇನ್ನೊಂದು ಇರತೈತಿ. ನನಗ ಎಲ್ಲೈತ್ರಿ?" ಅವಳು ರುಕ್ಸಾನಾ ನಿಂತ ಕಡೆ ಅಂದಾಜಿನಲ್ಲಿ ತಿರುಗಿದಳು. "ಈ ಬೆಳಕ ಕೊಯ್ಯೂದಿಲ್ಲ, ರಗತ ತೆಗಿಯೂದಿಲ್ಲ, ಸುಡೂದಿಲ್ಲ. ಕೈ ಆರಾಮ ಮಾಡಿತು. ಮೌಲಾಸಾಬ್ನೂ ಅಂದ, ಎಲ್ಲಾದಕ್ಕೂ ನಡೀತೈತಿ ಅಂತ. ಕೇಳಿದ್ರ ಈಕಿ ಕೊಡೂದಿಲ್ಲ ಅಂತ ಗೊತ್ತಿತ್ತು. ಅದಕ್ಕ ಕೇಳಲಿಲ್ಲ. ಸೋಮವಾರ ಐತಿ, ಉಪಾಸ ಅದೀನಿ, ಇವತ್ತ ಹಿಡಿಯೂಣು ಅಂತ ಹಿಡಿದೆ."

ಕ್ಲಿನಿಕ್ಕಿನಲ್ಲಿ ಹೇಳಿದ ನಮಸ್ಕಾರದ ಮಾತು ನೆಪ. ಅಷ್ಟು ದಿನ ಅವಳು ಹಣೆ ತಾಗಿಸುತ್ತಿದ್ದದ್ದು ಭಕ್ತಿಯೇ ಇರಬಹುದು. ಆ ದಿನ ಮಾತ್ರ ಅವಳು ಬಗ್ಗಿದ್ದು ಮನಸ್ಸು ಗಟ್ಟಿ ಮಾಡಿಕೊಂಡೇ. ಇದ್ದ ಒಂದೇ ಕಣ್ಣನ್ನು ತಾನೇ ಬಿಡಿಸಿ ಹಿಡಿದು ಲೇಸರಿಗೆ ಒಡ್ಡಿದ್ದಳು. ವೈದ್ಯರ ಕೊಠಡಿಯಲ್ಲೇ ಕುಳಿತುಬಿಟ್ಟೆ.

"ಕಣ್ಣು ಹೋಗತೈತಲ್ಲ ಅಜ್ಜೀ!" ರುಕ್ಸಾನಾ ಅಳುತ್ತಿದ್ದರು. "ಹೋದ್ರ ಏನ ಮಾಡ್ತೀರಿ?"

"ಹೋಗಲಿ ಅಂತ ಮಾಡಿದ್ದಲ್ಲವಾ. ಬರಲಿ ಅಂತ ಮಾಡಿದ್ದು."

ವೈದ್ಯರು ಪೆನ್ನು ಕೆಳಗಿಟ್ಟರು. ಪೊರೆಯ ಆಚೆ ತಮಗೆ ಕಾಣಿಸಿದ ಮಟ್ಟಿಗೆ ಕಣ್ಣಿನ ಹಿಂದಿನ ಪರದೆ ಸುಟ್ಟಂತೆ ಕಾಣುವುದಿಲ್ಲ, ಆದರೆ ಖಚಿತವಾಗಿ ಹೇಳಲಾರೆ ಎಂದರು. ನಾನು ರೂಢಿಯಂತೆ ಮತ್ತೆ ಕೇಳಿದೆ: ಅಷ್ಟು ನೇರವಾಗಿ ಬಿದ್ದ ಬೆಳಕು ಸುಡದೆ ಇರಲು ಕಾರಣವೇನು?

"ಆ ಪೊರೆಯೇ ಇರಬಹುದು. ಮಬ್ಬು ಗಾಜಿನ ಹಾಗೆ ಅದು ಬೆಳಕನ್ನು ಚದುರಿಸುತ್ತದೆ. ಒಂದೇ ಬಿಂದುವಿಗೆ ಹೋಗಿ ಬೀಳಬೇಕಾದದ್ದು ಹರಡಿ ಹೋಗಿರಬಹುದು. ಪೊರೆ ಇರದಿದ್ದರೆ..." ಎಂದು ಅಲ್ಲಿಗೆ ನಿಲ್ಲಿಸಿದರು. ಆಮೇಲೆ, "ಇರಬಹುದು ಅಂದೆ. ನೀವು ಪೇಪರಿನವರು, ಹೌದು ಅಂತ ಬರೆಯಬೇಡಿ" ಎಂದರು. ಅದಕ್ಕೇ ಇಲ್ಲಿಯೂ ಇರಬಹುದು ಎಂದೇ ಬರೆಯುತ್ತಿದ್ದೇನೆ.

ಯಾವುದನ್ನು ಕಳೆದುಕೊಳ್ಳಲೆಂದು ಅವಳು ಕಣ್ಣನ್ನೇ ಪಣಕ್ಕಿಟ್ಟಳೋ, ಆ ಪೊರೆಯೇ ಅವಳ ಕಣ್ಣನ್ನು ಕಾಪಾಡಿರಬಹುದು. ನಾಗತ್ತಿಗೆ ಇದನ್ನು ಬಿಡಿಸಿ ಹೇಳಿದಾಗ ಅವಳು ನೀರು ಕೇಳಿದಳು. ಉಪವಾಸ ಎನ್ನುವುದನ್ನೂ ಮರೆತು ಚಹಾ ಕುಡಿದಳು.

ಮುಂದಿನ ದಿನಗಳು ಸುಲಭವಿರಲಿಲ್ಲ. ಕಣ್ಣ ನಡುವಿನ ಕಪ್ಪು ಮರುದಿನಕ್ಕೆ ಬೂದು ಬಣ್ಣವಾಯಿತು, ಆ ವಾರದಲ್ಲಿ ಕರಗಿದಂತಾಯಿತು. ಆದರೆ ಮಬ್ಬು ಇದ್ದೇ ಇತ್ತು. ಒಳಗಿನ ಪರದೆ ನಿಜವಾಗಿ ಹೇಗಿದೆ ಎಂಬುದು ಪೊರೆ ತೆಗೆದ ಮೇಲೆಯೇ ಗೊತ್ತಾಗುವುದು ಎಂದು ವೈದ್ಯರು ಹೇಳಿದ್ದರು. ಅಂದರೆ ಅವಳು ಅಷ್ಟು ದಿನ ತಪ್ಪಿಸಿಕೊಂಡು ಬಂದ ಶಸ್ತ್ರಚಿಕಿತ್ಸೆಗೆ ಈಗ ಇಮ್ಮಡಿ ಹೆದರಿಕೆಯೊಂದಿಗೆ ಒಪ್ಪಬೇಕಿತ್ತು. ಕೊನೆಗೆ ನಾನೇ ಫೋನ್ ಮಾಡಿದೆ, ಶಾಂತಾ ಮುಂಡರಗಿಯಿಂದ ಬಂದಳು. ಬೈದಳು, ಅತ್ತಳು, ತಾಯಿಯ ಮನೆಯಲ್ಲೇ ಉಳಿದಳು. ರುಕ್ಸಾನಾ ಲಕ್ಷ್ಮೇಶ್ವರದ ಬಸ್ಸು ಇಳಿದವರೇ ಮೊದಲು ನಾಗತ್ತಿಯ ಮನೆಗೆ ಬಂದು ಆಮೇಲೆ ಕ್ಲಿನಿಕ್ಕಿಗೆ ಹೋಗುತ್ತಿದ್ದರು. ಆದದ್ದನ್ನೆಲ್ಲ ಅವರು ಕ್ಲಿನಿಕ್ಕಿನ ಮಾಲೀಕರಿಗೆ ತಾವೇ ಹೇಳಿದ್ದರು. ಮೌಲಾಸಾಬರು ಒಂದು ದಿನ ಶಿಗ್ಲಿಯಿಂದ ಬಂದು ಬಾಗಿಲಲ್ಲೇ ನಿಂತರು.

"ಅಕ್ಕಾರ, ನಾ ಚ್ಯಾಷ್ಟಿಗೆ ಅಂದಿದ್ದೆರಿ."

"ಗೊತ್ತೈತಿ, ಒಳಗ ಬಾ. ನಿನ್ನ ಮಾತ ಖರೆ ಅಂತ ನಂಬಿದಾಕಿ ನಾ ಒಬ್ಬಾಕಿನ. ನಿನ್ನ ಹೆಂಡ್ತಿ ಶ್ಯಾಣ್ಯಾಕಿ" ಎಂದಳು. ಅಷ್ಟು ದಿನಗಳಲ್ಲಿ ಆ ಮನೆಯಲ್ಲಿ ನಗು ಕೇಳಿದ್ದು ಅದೇ ಮೊದಲು.

ದೀಪಾವಳಿ ಕಳೆದ ಮೇಲೆ ಒಪ್ಪಿಕೊಂಡಳು. ಒಳಗೆ ಕರೆದೊಯ್ಯುವಾಗ ಯಾರ ಕೈಯನ್ನೂ ಹಿಡಿಯಲಿಲ್ಲ. ಮರುದಿನ ಪಟ್ಟಿ ಬಿಚ್ಚುವಾಗ ಶಾಂತಾ, ನಾನು, ರುಕ್ಸಾನಾ ಮೂವರೂ ಇದ್ದೆವು. ವೈದ್ಯರು ಪಟ್ಟಿ ತೆಗೆದು ಅವಳ ಕೈಯ ಹತ್ತಿರವೇ ಟ್ರೇಯಲ್ಲಿ ಇಟ್ಟರು. ನಾಗತ್ತಿ ರೆಪ್ಪೆ ಬಡಿದಳು. ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಟ್ರೇಯಲ್ಲಿದ್ದ ಆ ಪಟ್ಟಿಯ ಬಿಳಿ ಬಟ್ಟೆಯನ್ನೇ ನೋಡುತ್ತ ಕುಳಿತಳು.

"ಏನು ಕಾಣುತ್ತದೆ ಅಮ್ಮಾ?" ವೈದ್ಯರು ಕೇಳಿದರು.

"ಇದನ್ನ ಯಾರ ನೇದಾರೋ ಏನೋ," ಎಂದಳು. "ಎಂಥಾ ಜಾಳ ನೇಯ್ಗಿರಿ ಇದು! ಹಾಸಿನ ಎಳಿ ಒಂದಕೊಂದು ಮುಟ್ಟೇ ಇಲ್ಲ."

ಶಾಂತಾ ಹೊರಗೆ ಹೋಗಿ ಅತ್ತಳು. ವೈದ್ಯರು ಮೊದಲ ಬಾರಿ ನಕ್ಕರು. ಆಮೇಲೆ ಒಳಗಿನ ಪರದೆಯನ್ನು ಪರೀಕ್ಷಿಸಿ, ಸುಟ್ಟ ಗುರುತು ಇಲ್ಲ ಎಂದರು.

ನಾಗತ್ತಿ ಈಗ ಎಳೆ ಕೂಡಿಸುವ ಕೆಲಸಕ್ಕೆ ಮರಳಿದ್ದಾಳೆ, ಮೊದಲಿನಷ್ಟಲ್ಲ. ಕೆಲಸಕ್ಕೆ ಮರಳಿದ ಮೇಲೆ ಹೆಬ್ಬೆರಳು ಮತ್ತೆ ನೋಯತೊಡಗಿತು. ಎಲುಬಿನ ವೈದ್ಯರು ಮತ್ತೆ ಫಿಸಿಯೋಥೆರಪಿ ಬರೆದರು. ರುಕ್ಸಾನಾ ಕಣ್ಣಿನ ವೈದ್ಯರನ್ನು ಕೇಳಿಕೊಂಡೇ ಸುರು ಮಾಡಿದರು. ಈಗ ಅವರು ಯಂತ್ರ ಹಚ್ಚಿದ ಮೇಲೆ ಯಾರು ಕೂಗಿದರೂ ಆರಿಸದೆ ಅಲುಗುವುದಿಲ್ಲ. ಸುರು ಮಾಡುವ ಮೊದಲು ಪ್ರತಿಯೊಬ್ಬ ರೋಗಿಯನ್ನೂ ಕೇಳುತ್ತಾರೆ: "ಇದನ್ನ ಬಿಟ್ಟು ಮತ್ತೇನರ ತ್ರಾಸ ಐತೇನ್ರಿ? ಹೇಳಾಕ ಅಂಜಿಕಿ ಅನಸೂವಂಥಾದ್ದು?"

ನಾನು ಅವಳ ಎದುರು ಅದೇ ಕುರ್ಚಿಯಲ್ಲಿ ಕೂಡುತ್ತೇನೆ. ರುಕ್ಸಾನಾ ಪಕ್ಕದಲ್ಲೇ ನಿಂತಿರುತ್ತಾರೆ, ಹೆದರುವುದಕ್ಕೆ ಏನೂ ಇಲ್ಲ. ಆದರೂ ಗುಂಡಿ ಒತ್ತಿದ ಕ್ಷಣ ನನ್ನ ಕೈ ತಾನಾಗಿಯೇ ಮುಂದೆ ಹೋಗಿ ಅವಳ ಖಾಲಿ ಇರುವ ಎಡಗೈಯನ್ನು ಹಿಡಿದುಕೊಳ್ಳುತ್ತದೆ.

"ಬಿಡೋ, ಬೆವರಾಕತ್ತೈತಿ," ಎನ್ನುತ್ತಾಳೆ ನಾಗತ್ತಿ. "ಮಂದಿ ನೋಡಾಕತ್ತಾರ. ನಾ ಏನ್ ಸಣ್ಣ ಕೂಸೇನು?"

ಪಿಪ್ ಎಂದು ಯಂತ್ರ ನಿಲ್ಲುವವರೆಗೆ ನಾನು ಬಿಡುವುದಿಲ್ಲ.